‘64 ಮೆಗಾಪಿಕ್ಸೆಲ್’ ಪುಟ್ಟ ಕ್ಯಾಮೆರಾ ಕೊಳ್ಳುವ ಮೊದಲು ಇದನ್ನು ಓದಿ

ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ ‘64 ಮೆಗಾಪಿಕ್ಸೆಲ್, 4ಕೆ, 16ಎಕ್ಸ್ ಜೂಮ್’ ಅಂತ ಬರೆದ ಪುಟ್ಟ ಡಿಜಿಟಲ್ ಕ್ಯಾಮೆರಾ ಕಾಣಿಸಿದರೆ ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡೆ. 4,799 ರೂಪಾಯಿ ಹೋಯಿತು ಅನ್ನುವುದು ಒಂದು ಕಡೆ ಇರಲಿ. ಮಗಳು ಮೊದಲ ಸಲ ವೇಷ ಕಟ್ಟಿ ರಂಗಸ್ಥಳಕ್ಕೆ ಬಂದ ರಾತ್ರಿ ನಾನು ತೆಗೆದ ಇನ್ನೂರು ಫೋಟೊಗಳಲ್ಲಿ ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಆ ರಾತ್ರಿ ಮತ್ತೆ ಬರುವುದಿಲ್ಲ ಅಲ್ವಾ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವು ಕುಂದಾಪುರದ ಕಡೆಯವರು. ಮಗಳಿಗೆ ಹನ್ನೆರಡು ವರ್ಷ, ಎರಡು ವರ್ಷದಿಂದ ಯಕ್ಷಗಾನ ಕಲಿಯುತ್ತಿದ್ದಾಳೆ. ಈ ಸಲ ಮಕ್ಕಳ ಆಟದಲ್ಲಿ (ಯಕ್ಷಗಾನ ಪ್ರದರ್ಶನಕ್ಕೆ ನಾವು ಆಟ ಅನ್ನುತ್ತೇವೆ) ಅಭಿಮನ್ಯುವಿನ ವೇಷ ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ನನ್ನ ಫೋನ್ ಹಳೆಯದು, ಸ್ವಲ್ಪ ಜೂಮ್ ಮಾಡಿದರೂ ಮುಖ ಕಲಸಿಹೋಗುತ್ತದೆ. ಒಂದು ಸಣ್ಣ ಕ್ಯಾಮೆರಾ ಕೊಂಡರೆ ಆಟಕ್ಕೂ ಆಯಿತು, ಆಮೇಲೆ ಮಗಳ ಕೈಗೆ ಫೋನ್ ಬದಲು ಅದನ್ನೇ ಕೊಡಬಹುದು ಅಂತ ಲೆಕ್ಕ ಹಾಕಿದೆ. ಹುಡುಕಿದಾಗ ಮೊದಲ ಸಾಲಿನಲ್ಲೇ ಬಂದದ್ದು ಇದು. 14,999 ಅಂತ ಬರೆದು ಗೀಟು ಹಾಕಿದ್ದರು. ಸಾವಿರಾರು ಜನ ನಾಲ್ಕು ನಕ್ಷತ್ರ ಕೊಟ್ಟಿದ್ದರು. ಜೊತೆಗೆ 32 ಜಿಬಿ ಕಾರ್ಡ್, ಒಂದು ಚೀಲ, ಎರಡು ಬ್ಯಾಟರಿ.

ಆಟಕ್ಕೆ ಇಪ್ಪತ್ತು ದಿನ ಇರುವಾಗ ಪಾರ್ಸೆಲ್ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಅಂಗಳದ ದಾಸವಾಳದ್ದು ಎರಡು ಫೋಟೊ ತೆಗೆದೆ. ಹಿಂದಿನ ಸಣ್ಣ ಪರದೆಯಲ್ಲಿ ಚೆನ್ನಾಗೇ ಕಂಡಿತು. ಮಗಳು ಹಾಳು ಮಾಡಿಬಿಟ್ಟಾಳು ಅಂತ ಮತ್ತೆ ಡಬ್ಬದಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿದೆ. ನನ್ನ ದೊಡ್ಡ ತಪ್ಪು ಇದೇ. ವಾಪಸ್ ಕೊಡಲು ಇದ್ದದ್ದು ಏಳು ದಿನ. ಆ ಏಳು ದಿನವೂ ಅದು ಬೀರುವಿನಲ್ಲಿ ಬೆಚ್ಚಗೆ ಕೂತಿತ್ತು.

ಆಟದ ದಿನ ಚೌಕಿಯಿಂದಲೇ, ಅಂದರೆ ವೇಷ ಕಟ್ಟುವ ಜಾಗದಿಂದಲೇ, ಶುರು ಮಾಡಿದೆ. ಬಣ್ಣ ಹಚ್ಚುವುದು, ಗೆಜ್ಜೆ ಕಟ್ಟುವುದು, ತಲೆಗೆ ಕೇದಗೆ ಮುಂದಲೆ ಅನ್ನುವ ಕಿರೀಟ ಕಟ್ಟಿಸಿಕೊಳ್ಳುವಾಗ ಅವಳು ಕಣ್ಣು ಮುಚ್ಚಿಕೊಂಡು ಕೂತದ್ದು. ಟ್ಯೂಬ್‌ಲೈಟ್ ಬೆಳಕಿತ್ತು, ಕತ್ತಲೇನಲ್ಲ. ಬಟನ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ‘ಕ್ಲಿಕ್’ ಅಂತ ಶಬ್ದ. ಅಷ್ಟರಲ್ಲಿ ಅವಳು ಮುಖ ತಿರುಗಿಸಿರುತ್ತಿದ್ದಳು. ಹೊಸತಲ್ಲವಾ, ಅಭ್ಯಾಸವಾಗಬೇಕು ಅಂದುಕೊಂಡೆ.

ರಂಗಸ್ಥಳಕ್ಕೆ ಬಂದ ಮೇಲೆ ಕಷ್ಟ ಗೊತ್ತಾಯಿತು. ಭಾಗವತರು ಪದ ಎತ್ತಿದರು, ಚೆಂಡೆ ಏರಿತು, ಮಗಳು ಮಂಡಿ ಊರಿ ಗಿರಗಿರ ಸುತ್ತುತ್ತ ದಿಗಿಣ ಹಾಕತೊಡಗಿದಳು. ಒಂದು, ಎರಡು, ಮೂರು... ಜನ ಚಪ್ಪಾಳೆ ಹೊಡೆಯುತ್ತಿದ್ದರು, ನಾನು ಕಣ್ತುಂಬ ನೋಡುವುದನ್ನೂ ಬಿಟ್ಟು ಬಟನ್ ಒತ್ತುತ್ತಿದ್ದೆ. ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿ ನೋಡಿದರೆ ಕೆಂಪು, ಹಳದಿ ಬಣ್ಣದ ಗೀರುಗಳು. ಯಾರೋ ಹಸಿ ಬಣ್ಣದ ಮೇಲೆ ಕೈ ಒರೆಸಿದ ಹಾಗೆ. ಸುಮ್ಮನೆ ನಿಂತಿದ್ದಾಗ ತೆಗೆದದ್ದರಲ್ಲೂ ಮುಖ ಮೇಣದ ಹಾಗೆ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಮಚ್ಚೆ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, “ಅಮ್ಮ, ಇದರಲ್ಲಿ ನಾನು ಯಾವುದು?” ಅಂತ ಕೇಳಿದಳು. ಉತ್ತರ ಕೊಡಲಾಗಲಿಲ್ಲ.

ಪಕ್ಕದ ಮನೆಯ ಮಾಷ್ಟ್ರು ತಮ್ಮ ಮೊಮ್ಮಗನ ಫೋಟೊ ತೆಗೆಯಲು ಬಂದಿದ್ದರು. ಅವರ ಹತ್ತಿರ ಇರುವುದು ಹತ್ತು ಹದಿಮೂರು ವರ್ಷ ಹಳೆಯ ಸೋನಿ ಸೈಬರ್‌ಶಾಟ್, 14 ಮೆಗಾಪಿಕ್ಸೆಲ್. ಮೂರು ಫೋಟೊಗಳಲ್ಲಿ ನನ್ನ ಮಗಳೂ ಇದ್ದಳು. ನನಗಿಂತ ಹಿಂದಿನ ಸಾಲಿನಲ್ಲಿ ಕೂತು ತೆಗೆದದ್ದು, ಆದರೂ ಮುಂದಲೆಯ ಜರಿ ಕಾಣುತ್ತಿತ್ತು, ಅವಳ ಹಣೆಯ ಬೆವರು ಕಾಣುತ್ತಿತ್ತು. 14 ಎಲ್ಲಿ, 64 ಎಲ್ಲಿ? ತಲೆ ಕೆಟ್ಟು ಎರಡೂ ಕ್ಯಾಮೆರಾ ತೆಗೆದುಕೊಂಡು ಅವರ ಜಗಲಿಯಲ್ಲಿ ಕೂತೆವು.

ಗೋಡೆಯಲ್ಲಿ ತೂಗುಪಂಚಾಂಗ ಇತ್ತು. ದಿನಾಂಕದ ಕೆಳಗೆ ರಾಹುಕಾಲ, ನಕ್ಷತ್ರ ಎಲ್ಲ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ಎರಡರಲ್ಲೂ ತೆಗೆದೆವು. ಹಳೆಯದರಲ್ಲಿ ದೊಡ್ಡದು ಮಾಡಿ ನೋಡಿದರೆ ‘ಸ್ವಾತಿ’ ಅಂತ ಓದಬಹುದಿತ್ತು. ನನ್ನದರಲ್ಲಿ ಅಲ್ಲಿ ಇರುವೆ ಸಾಲು ಇದ್ದ ಹಾಗೆ ಕಂಡಿತು. ಮಾಷ್ಟ್ರು ಇನ್ನೊಂದು ಕೆಲಸ ಮಾಡಿದರು. ನನ್ನ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 64 ತೆಗೆದು 8 ಮೆಗಾಪಿಕ್ಸೆಲ್‌ಗೆ ಇಳಿಸಿ ಅದೇ ಪಂಚಾಂಗ ಮತ್ತೆ ತೆಗೆದರು. ಎರಡರಲ್ಲೂ ಒಂದೇ ಇರುವೆ ಸಾಲು. 64 ರಲ್ಲಿ ಒಂದೇ ಒಂದು ಅಕ್ಷರವೂ ಜಾಸ್ತಿ ಓದಲಾಗಲಿಲ್ಲ. ಫೈಲ್ ಮಾತ್ರ ಊದಿಕೊಂಡಿತ್ತು.

ವಿಷಯ ಇಷ್ಟೇ. 64 ಮೆಗಾಪಿಕ್ಸೆಲ್ ಅಂದರೆ ಒಂದು ಚಿತ್ರದಲ್ಲಿ 6 ಕೋಟಿ 40 ಲಕ್ಷ ಚುಕ್ಕೆ. ಇಂಥ ಕ್ಯಾಮೆರಾಗಳ ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ ನಿಜವಾಗಿ ಅಷ್ಟು ಇರುವುದಿಲ್ಲ. ಇರುವಷ್ಟು ಚುಕ್ಕೆಗಳ ನಡುವೆ ಕ್ಯಾಮೆರಾ ತಾನೇ ಊಹಿಸಿ ಉಳಿದದ್ದನ್ನು ತುಂಬುತ್ತದೆ. ಇದಕ್ಕೆ ಇಂಟರ್‌ಪೊಲೇಶನ್ ಅನ್ನುತ್ತಾರೆ. ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು ಹಾಕಿದರೆ ಹೆಚ್ಚಾಗುವುದು ನೀರು ತಾನೆ? ಮತ್ತೆ, ಎ4 ಹಾಳೆಯಷ್ಟು ದೊಡ್ಡ ಒಳ್ಳೆಯ ಪ್ರಿಂಟ್ ಹಾಕಿಸಲು 9 ಮೆಗಾಪಿಕ್ಸೆಲ್ ಕೂಡ ಬೇಡ. ನಮಗೆ ಬೇಕಾದದ್ದು ಚುಕ್ಕೆಯ ಲೆಕ್ಕ ಅಲ್ಲ. ಸೆನ್ಸರ್ ದೊಡ್ಡದಿರಬೇಕು, ಲೆನ್ಸ್ ಸರಿಯಾದದ್ದಿರಬೇಕು. ಒಳ್ಳೆಯ ಕಂಪನಿಗಳ ಸಾಧಾರಣ ಪುಟ್ಟ ಕ್ಯಾಮೆರಾಗಳಲ್ಲಿ ಸೆನ್ಸರ್ ಹೆಚ್ಚುಕಮ್ಮಿ 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ ಇರುತ್ತದೆ. 1/2.3 ಇಂಚು ಅಂತ ಬರೆದಿರುತ್ತಾರೆ. ಕಿರುಬೆರಳ ಉಗುರಿಗಿಂತ ಚಿಕ್ಕದು, ಅದಕ್ಕೇ ರಾತ್ರಿ ಅವೂ ತಿಣುಕುತ್ತವೆ. ನನ್ನದರ ವಿವರದಲ್ಲಿ ಸೆನ್ಸರ್ ಅಳತೆಯೇ ಇರಲಿಲ್ಲ. ‘ಸಿಮಾಸ್ ಸೆನ್ಸರ್’ ಅಂತ ಬರೆದು ಬಿಟ್ಟಿದ್ದರು, ಅದು ಸೆನ್ಸರ್‌ನ ಬಗೆ ಮಾತ್ರ. ಅಳತೆ ಹೇಳದ ಕ್ಯಾಮೆರಾವನ್ನು ಅಲ್ಲಿಗೇ ಬಿಡಿ.

ಜೂಮ್ ವಿಷಯಕ್ಕೆ ಬರುತ್ತೇನೆ, ಇದು ಎಲ್ಲರೂ ಅಂಗಡಿಯಲ್ಲೇ ನೋಡಿ ತಿಳಿಯಬಹುದಾದದ್ದು. ಮಾಷ್ಟ್ರ ಕ್ಯಾಮೆರಾದ ಲೆನ್ಸ್ ಸುತ್ತ ಸಣ್ಣದಾಗಿ 4.7-18.8 ಅಂತ ಇದೆ. ದೊಡ್ಡ ಅಂಕಿಯನ್ನು ಚಿಕ್ಕದರಿಂದ ಭಾಗಿಸಿ. ನಾಲ್ಕು. ಅಂದರೆ ಅದರ ಆಪ್ಟಿಕಲ್ ಜೂಮ್, ಲೆನ್ಸೇ ಸರಿದು ಕೊಡುವ ಜೂಮ್, ನಾಲ್ಕು ಪಟ್ಟು. ಕ್ಯಾನನ್ ಇಕ್ಸಸ್ 185 ರಲ್ಲಿ 5.0-40.0 ಅಂತ ಇರುತ್ತದೆ, ಎಂಟು ಪಟ್ಟು. ನನ್ನದರ ಲೆನ್ಸ್ ಸುತ್ತ ಇಂಥ ಎರಡು ಅಂಕಿಯೇ ಇಲ್ಲ. ‘16ಎಕ್ಸ್’ ಅಂತ ದಪ್ಪಕ್ಷರ ಇದೆ, ಅಷ್ಟೇ. ಜೂಮ್ ಒತ್ತಿದರೆ ಲೆನ್ಸ್ ಅಲುಗುವುದಿಲ್ಲ, ಪರದೆಯ ಚಿತ್ರ ಮಾತ್ರ ಹಿಗ್ಗುತ್ತದೆ. ಅದು ಡಿಜಿಟಲ್ ಜೂಮ್. ತೆಗೆದ ಫೋಟೊವನ್ನು ಆಮೇಲೆ ಕತ್ತರಿಸಿ ದೊಡ್ಡದು ಮಾಡಿದರೆ ಸಿಗುವುದೂ ಅದೇ. (ನೀರಿನೊಳಗೆ ಬಳಸುವ ಕೆಲವು ಒಳ್ಳೆಯ ಕ್ಯಾಮೆರಾಗಳಲ್ಲಿ ಲೆನ್ಸ್ ಒಳಗೊಳಗೇ ಸರಿಯುತ್ತದೆ, ಹೊರಗೆ ಬರುವುದಿಲ್ಲ. ಅವುಗಳಲ್ಲೂ ಅಂಕಿ ಬರೆದಿರುತ್ತದೆ.)

ಬಟನ್ ಕೂಡ ನೋಡಿ. ನಿಜವಾದ ಕ್ಯಾಮೆರಾದಲ್ಲಿ ಅರ್ಧ ಒತ್ತಿದರೆ ಒಂದು ತಡೆ ಸಿಗುತ್ತದೆ, ಅಲ್ಲಿ ಫೋಕಸ್ ಆಗುತ್ತದೆ, ಪೂರ್ತಿ ಒತ್ತಿದರೆ ಫೋಟೊ. ನನ್ನದು ಟಿವಿ ರಿಮೋಟ್ ಬಟನ್ ಹಾಗೆ, ಒಂದೇ ಸಲ ಕೆಳಗೆ. ಫ್ಲ್ಯಾಶ್ ಅಂತ ಕೊಟ್ಟಿದ್ದು ಒಂದು ಎಲ್‌ಇಡಿ ದೀಪ. ಸರಿಯಾದ ಫ್ಲ್ಯಾಶ್ ಮಿಂಚಿ ಆರಿಬಿಡುತ್ತದೆ, ಆ ಒಂದು ಕ್ಷಣದಲ್ಲಿ ಓಡುವ ಮಗುವೂ ನಿಂತ ಹಾಗೆ ಸಿಗುತ್ತದೆ. ಇದು ಸುಮ್ನೆ ಟಾರ್ಚ್ ಹಾಗೆ ಉರಿಯುತ್ತದೆ.

ಬ್ಯಾಟರಿ ಹೊರತೆಗೆದು ನೋಡಿದರೆ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೇ ಇಲ್ಲ. ಇಂಥ ಲಿಥಿಯಂ ಬ್ಯಾಟರಿ ನಮ್ಮ ದೇಶದಲ್ಲಿ ಮಾರಲು ಅದು ಇರಲೇಬೇಕು. ಮಕ್ಕಳ ಕೈಗೆ ಕೊಡುವ ಸಾಮಾನು ಇದು, ನನಗೆ ಎಲ್ಲಕ್ಕಿಂತ ಭಯವಾದದ್ದು ಇಲ್ಲೇ. ಡಬ್ಬದ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದಲ್ಲಿ ತಯಾರಾಯಿತು, ದೂರು ಹೇಳಲು ನಂಬರ್, ಇದೆಲ್ಲ ಅಚ್ಚಾಗಿರಬೇಕು ಅಂತ ಕಾನೂನಿದೆ. ನನ್ನ ಡಬ್ಬದಲ್ಲಿ ಇಂಗ್ಲಿಷಿನ ಹೊಗಳಿಕೆ ಬಿಟ್ಟು ಏನೂ ಇರಲಿಲ್ಲ. ಹಾಗಾಗಿ ಒಂದು ವರ್ಷ ವಾರಂಟಿ ಅಂತ ಬರೆದದ್ದಕ್ಕೂ ಅರ್ಥವಿಲ್ಲ, ಯಾರ ಹತ್ತಿರ ಹೋಗಿ ಕೇಳುವುದು?

ಮಾರಿದವನಿಗೆ ಬರೆದೆ. “ಪ್ರಾಡಕ್ಟ್ ಕೆಲಸ ಮಾಡುತ್ತಿದೆ, ವಾಪಸ್ ದಿನ ಮುಗಿದಿದೆ” ಅಂತ ಉತ್ತರ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಫೋನ್ ಮಾಡಿ ದೂರು ಬರೆಸಿದೆ. 2020 ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಮಾರಾಟದ ಕಂಪನಿಗಳು ದೂರು ತಲುಪಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನದು ಇನ್ನೂ ಮುಗಿದಿಲ್ಲ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ವಿಷಯಕ್ಕೆ ಅಲ್ಲಿ ಶುಲ್ಕ ಇಲ್ಲ. ಕೊಳ್ಳುವಾಗಿನ ಪುಟದ ಸ್ಕ್ರೀನ್‌ಶಾಟ್ ನಾನು ಇಟ್ಟುಕೊಂಡಿರಲಿಲ್ಲ. ಈಗ ಆ ಪುಟದಲ್ಲಿ 64 ಅಂತ ಇದ್ದದ್ದನ್ನು 48 ಮಾಡಿದ್ದಾರೆ.

ಇಂಥ ಮಾಲು ಯಾಕೆ ಇಷ್ಟು ಬಂತು ಅಂದರೆ ಮಾರುಕಟ್ಟೆಯಲ್ಲಿ ಪುಟ್ಟ ಕ್ಯಾಮೆರಾಗಳ ಜಾಗ ಖಾಲಿಯಾಗಿದೆ. 2010 ರಲ್ಲಿ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಸರಬರಾಜಾಗಿದ್ದವು, ಜಾಸ್ತಿ ಪಾಲು ಈ ಪುಟ್ಟವೇ. ಫೋನ್ ಬಂದ ಮೇಲೆ ದೊಡ್ಡ ಕಂಪನಿಗಳು ಅಗ್ಗದ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿದವು. ಈಗ ಕಾಲೇಜು ಮಕ್ಕಳಿಗೆ ಮತ್ತೆ ಪುಟ್ಟ ಕ್ಯಾಮೆರಾದ ಹುಚ್ಚು ಹಿಡಿದಿದೆ, ಹಳೆಯ ಕ್ಯಾನನ್ ಇಕ್ಸಸ್, ನಿಕಾನ್ ಕೂಲ್‌ಪಿಕ್ಸ್‌ಗಳ ಬೆಲೆಯೂ ಏರಿದೆ.

ಕೊಳ್ಳಲೇಬೇಕು ಅಂದರೆ ನನ್ನ ಅಭಿಪ್ರಾಯ ಹೇಳುತ್ತೇನೆ. ಹೊಸದೇ ಬೇಕಾದರೆ ಕೊಡಕ್ ಪಿಕ್ಸ್‌ಪ್ರೊ ಥರದ್ದು ನೋಡಿ. ಹಳೆಯ ಕೊಡಕ್ ಕಂಪನಿ 2012 ರಲ್ಲಿ ದಿವಾಳಿ ಅರ್ಜಿ ಹಾಕಿತು, ಈಗ ಪರವಾನಗಿ ಪಡೆದು ಆ ಹೆಸರಿನಲ್ಲಿ ಬೇರೆಯವರು ಕ್ಯಾಮೆರಾ ಮಾಡುತ್ತಾರೆ. ಆದರೂ ಅವರ ಎಫ್‌ಝಡ್55 ಮಾದರಿಯಲ್ಲಿ 16 ಮೆಗಾಪಿಕ್ಸೆಲ್, ಐದು ಪಟ್ಟು ಆಪ್ಟಿಕಲ್ ಜೂಮ್ ಇದೆ. ಅಷ್ಟು ದುಡ್ಡು ಬೇಡ ಅಂದರೆ ಮೊದಲು ನೆಂಟರಿಷ್ಟರ ಮನೆ ಬೀರು ಹುಡುಕಿಸಿ. ಒಳ್ಳೆಯ ಹಳೆಯ ಕ್ಯಾಮೆರಾಗಳು ಎಷ್ಟೋ ಮನೆಯಲ್ಲಿ ಮದುವೆ ಆಲ್ಬಂ ಪಕ್ಕದಲ್ಲಿ ಬಿದ್ದಿರುತ್ತವೆ. ಸೆಕೆಂಡ್‌ಹ್ಯಾಂಡ್ ಆದರೆ ಕೈಯಲ್ಲಿ ಹಿಡಿದು ನೋಡಿಯೇ ತೆಗೆದುಕೊಳ್ಳಿ. ಹತ್ತು ಸಲ ಆನ್, ಆಫ್ ಮಾಡಿ, ಲೆನ್ಸ್ ಕರಕರ ಅನ್ನದೆ ಹೊರಬಂದು ಒಳಗೆ ಹೋಗಬೇಕು. ಬಿಳಿ ಗೋಡೆಯ ಫೋಟೊ ತೆಗೆದು ಮಚ್ಚೆ ಇದೆಯಾ ನೋಡಿ. ಕಾರ್ಡ್ ಯಾವುದು ಕೇಳಿ: ತೀರಾ ಹಳೆಯವು 2 ಜಿಬಿಗಿಂತ ದೊಡ್ಡ ಕಾರ್ಡ್ ಓದುವುದಿಲ್ಲ, ಎಕ್ಸ್‌ಡಿ ಕಾರ್ಡ್ ಬಳಸುವ ಹಳೆಯ ಒಲಿಂಪಸ್ ಸಿಕ್ಕರೆ ಕಾರ್ಡ್ ಹುಡುಕುವುದೇ ಒಂದು ಪಾಡು.

ಮಾಷ್ಟ್ರು ಆ ಮೂರು ಫೋಟೊ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು. ಒಂದನ್ನು ಪ್ರಿಂಟ್ ಹಾಕಿಸಿದ್ದೇನೆ. ಮುಂದಿನ ಆಟಕ್ಕೆ ಕ್ಯಾಮೆರಾ ಅವರೇ ಕೊಡುತ್ತೇನೆ ಅಂದಿದ್ದಾರೆ.

ನಿಮ್ಮ ಮನೆಯಲ್ಲೂ ಮದುವೆಗೋ ಪ್ರವಾಸಕ್ಕೋ ಅಂತ ತರಿಸಿ ಡಬ್ಬದಲ್ಲೇ ಇಟ್ಟದ್ದು ಇದ್ದರೆ ಇವತ್ತೇ ತೆಗೆಯಿರಿ. ರಾತ್ರಿ ಟ್ಯೂಬ್‌ಲೈಟ್ ಹಾಕಿ, ಓಡಾಡುವ ಮಗುವಿನದ್ದು ಒಂದು, ಗೋಡೆಯ ಪಂಚಾಂಗದ್ದು ಒಂದು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ನೋಡಿ. ವಾಪಸ್ ಕೊಡಲು ಎಷ್ಟು ದಿನ ಉಳಿದಿದೆ ಅಂತಲೂ ನೋಡಿ.