ನೆಟ್‌ವರ್ಕ್ ಇಲ್ಲದ ಮನೆಗೆ ಒಂಬತ್ತು ಕ್ಯಾಸೆಟ್: ಲೋಕಲ್‌ಸೆಂಡ್ ಬಳಸಿ ನೋಡಿದೆ

ಅಪ್ಪನ ಹೊಸ ಫೋನಿಗೆ ಹಾಡು ತುಂಬಿಸಬೇಕಿತ್ತು. ಅಂಗಡಿಯಲ್ಲಿ ಸಿಗುವ ಹಾಡಲ್ಲ. ಅಪ್ಪ ಟೇಪ್ ರೆಕಾರ್ಡರ್ ಇಟ್ಟುಕೊಂಡು ತಾವೇ ತುಂಬಿಸಿದ ಒಂಬತ್ತು ಕ್ಯಾಸೆಟ್. ಹಾಸನ ಆಕಾಶವಾಣಿಯಲ್ಲಿ ಬಂದ ಭಾವಗೀತೆ, ಜನಪದ ಗೀತೆ, ಮಧ್ಯೆ ಒಂದರಲ್ಲಿ ನಮ್ಮಜ್ಜಿ ಹೇಳಿದ ಸೋಬಾನೆ. ಎರಡು ವರ್ಷದ ಹಿಂದೆ ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಎಂಪಿ3 ಮಾಡಿಟ್ಟಿದ್ದೆ. ಜೊತೆಗೆ 2011ರ ಊರ ಸುಗ್ಗಿಯ ಡಿವಿಡಿ.

ಊರು ಸಕಲೇಶಪುರ ದಾಟಿ ಹೆತ್ತೂರು ಕಡೆ. ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರ್. ಆನ್‌ಲೈನಿಗೆ ಹಾಕಿ ಅಲ್ಲಿಂದ ಇಳಿಸಿಕೊಳ್ಳಿ ಅನ್ನುವ ಸಲಹೆ ನಮ್ಮ ಜಗಲಿಯಲ್ಲಿ ನಡೆಯೋದಿಲ್ಲ. ಫೈಲ್ ಫೋನಿನೊಳಗೇ ಇರಬೇಕು.

ಹೋದ ವರ್ಷ ಇದೇ ಕೆಲಸಕ್ಕೆ ಒಂದು ಮೊಬೈಲ್ ಅಂಗಡಿಗೆ ಅಪ್ಪನ ಮೆಮೊರಿ ಕಾರ್ಡ್ ಕೊಟ್ಟಿದ್ದೆ. ಒಂದು ಮಾತು ಕೇಳದೆ ಫಾರ್ಮ್ಯಾಟ್ ಮಾಡಿಬಿಟ್ಟರು. ಹಾಡುಗಳು ನನ್ನ ಹತ್ತಿರ ಇದ್ದವು, ಸರಿ. ಕಾರ್ಡಿನಲ್ಲಿ ಮಾತ್ರ ಇದ್ದ ತೋಟದ ಫೋಟೋಗಳು ಹೋದವು. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡವ್ವ" ಅಂದರು. ಅದೇ ನನಗೆ ಜಾಸ್ತಿ ನೋವಾಗಿದ್ದು. ಇನ್ನು ಇದನ್ನು ನಾನೇ ಮಾಡೋದು ಅಂತ ಅವತ್ತೇ ನಿರ್ಧರಿಸಿದೆ.

ಮೊದಲು ಕೇಬಲ್ ಹಾಕಿ ನೋಡಿದೆ. ಫೋನ್ ಚಾರ್ಜ್ ಆಗುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಕಾಣಿಸಲಿಲ್ಲ. ಇದಕ್ಕೆ ಎರಡು ಕಾರಣ ಇರಬಹುದು. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರೋದಿಲ್ಲ. ಕೇಬಲ್ ಸರಿ ಇದ್ದರೂ ಆಂಡ್ರಾಯ್ಡ್ ಫೋನಿನ ನೋಟಿಫಿಕೇಶನ್ ಎಳೆದು 'ಚಾರ್ಜಿಂಗ್' ಬದಲು 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು. ನಾನು ತಂದಿದ್ದು ಮೊದಲನೇ ಜಾತಿಯ ಕೇಬಲ್. ಊರಲ್ಲಿ ಇನ್ನೊಂದು ಎಲ್ಲಿಂದ ತರೋದು? ಬ್ಲೂಟೂತ್‌ನಲ್ಲಿ ಒಂದು ಕ್ಯಾಸೆಟ್ ಕಳಿಸುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ.

ಪುಣ್ಯಕ್ಕೆ ಲೋಕಲ್‌ಸೆಂಡ್ ಅನ್ನುವ, ಫೋನು ಕಂಪ್ಯೂಟರುಗಳ ನಡುವೆ ಫೈಲ್ ಕಳಿಸುವ ಆ್ಯಪನ್ನು ಹಾಸನದಲ್ಲೇ ಅಪ್ಪನ ಫೋನಿಗೂ ಲ್ಯಾಪ್‌ಟಾಪಿಗೂ ಹಾಕಿಕೊಂಡು ಬಂದಿದ್ದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ, ಲಾಗಿನ್ ಕೇಳೋದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲಕ್ಕೂ ಇದೆ. ಎರಡೂ ಕಡೆ ಒಂದೇ ವೈಫೈ ಇದ್ದರೆ ಸಾಕು, ಇಂಟರ್ನೆಟ್ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ವೈಫೈ ಎಲ್ಲಿ ಬಂತು? ಅಪ್ಪನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿದೆ. ಅದಕ್ಕೂ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ಸಿಗ್ನಲ್ ಬಂದ ತಕ್ಷಣ ಲ್ಯಾಪ್‌ಟಾಪ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳೋಕೆ ಶುರು ಮಾಡಿ ದಿನದ ಡೇಟಾ ಎಲ್ಲ ನುಂಗುತ್ತದೆ.

ಮೊದಲ ಸಲ ಎರಡೂ ಒಂದಕ್ಕೊಂದು ಕಾಣಿಸಲಿಲ್ಲ. ಅರ್ಧ ಗಂಟೆ ಒದ್ದಾಡಿದೆ. ತಡೆದದ್ದು ವಿಂಡೋಸ್ ಫೈರ್‌ವಾಲ್, ಅಂದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲು. ಲೋಕಲ್‌ಸೆಂಡ್‌ಗೆ ಅಲ್ಲಿ ಅನುಮತಿ ಕೊಟ್ಟ ಮೇಲೆ ಅಪ್ಪನ ಫೋನ್ ಪಟ್ಟಿಯಲ್ಲಿ ಬಂತು. ಒಂಬತ್ತು ಕ್ಯಾಸೆಟ್ ಇದ್ದ ಫೋಲ್ಡರನ್ನು ಇಡಿಯಾಗಿ ಆರಿಸಿ ಕಳಿಸಿದೆ. ಅಪ್ಪನ ಫೋನಿನಲ್ಲಿ ಒಪ್ಪಿಗೆ ಕೇಳಿತು. ಅಡಿಕೆ ಸುಲಿದು ಕಪ್ಪಾದ ಹೆಬ್ಬೆರಳಲ್ಲಿ ಅಪ್ಪ ಒತ್ತಿದರು, ತಗೊಳ್ಳಲಿಲ್ಲ. ಬೆರಳು ಪಂಚೆಗೆ ಒರೆಸಿಕೊಂಡು ಇನ್ನೊಂದು ಸಲ ಒತ್ತಿದರು. ಗೆರೆ ಓಡತೊಡಗಿತು. 60 ನಿಮಿಷದ ಕ್ಯಾಸೆಟ್ 128 ಕೆಬಿಪಿಎಸ್ ಗುಣಮಟ್ಟದ ಎಂಪಿ3ಯಲ್ಲಿ ಸುಮಾರು 58 ಎಂಬಿ, ಒಂಬತ್ತೂ ಸೇರಿ 520 ಎಂಬಿ ಹತ್ತಿರ. ಮೂರು ನಿಮಿಷವೂ ಆಗಲಿಲ್ಲ. ನಾನು ಕನ್ನಡದಲ್ಲಿ ಕೊಟ್ಟಿದ್ದ ಹೆಸರುಗಳೂ ಹಾಗೇ ಬಂದವು.

ಸುಗ್ಗಿ ವಿಡಿಯೋಗೆ ಮೊದಲೇ ಸ್ವಲ್ಪ ಕೆಲಸ ಮಾಡಬೇಕಾಯಿತು. ಡಿವಿಡಿಯೊಳಗೆ ಇರೋದು ವಿಒಬಿ ಫೈಲ್, ಒಂದೊಂದೂ ಒಂದು ಜಿಬಿ ಹತ್ತಿರ. ಅಪ್ಪನ ಫೋನಿನ ಗ್ಯಾಲರಿ ಅದನ್ನು ತೆರೆಯೋದೇ ಇಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿದೆ. 3.6 ಜಿಬಿ ಇದ್ದದ್ದು 1.4 ಜಿಬಿಗೆ ಇಳಿಯಿತು, ನನ್ನ ಕಣ್ಣಿಗೆ ಚಿತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕಳಿಸುವಾಗ ಮಧ್ಯದಲ್ಲಿ ಫೋನ್ ಬಂತು, ಅಪ್ಪ ಎದ್ದು ಅಂಗಳಕ್ಕೆ ಹೋದರು, ಸಂಪರ್ಕ ಕಡಿಯಿತು. ನಿಂತಲ್ಲಿಂದ ಮುಂದುವರಿಯಲಿಲ್ಲ, ಮೊದಲಿಂದ ಕಳಿಸಬೇಕಾಯಿತು. ಈ ಆ್ಯಪಿನಲ್ಲಿ ನನಗೆ ನಿಜವಾಗಿ ಕೊರತೆ ಅನಿಸಿದ್ದು ಇದೊಂದೇ. ಹತ್ತಿಪ್ಪತ್ತು ಜಿಬಿ ಇದ್ದರೆ ಒಳ್ಳೆಯ ಡೇಟಾ ಕೇಬಲ್ ತಗೊಳ್ಳಿ, ಅದೇ ವಾಸಿ.

ಇನ್ನೊಂದು ವಿಷಯ. ಬಂದ ಫೈಲ್‌ಗಳು ಡೌನ್‌ಲೋಡ್ ಫೋಲ್ಡರಿನಲ್ಲಿ ಕೂರುತ್ತವೆ. ಹಿರಿಯರಿಗೆ ಅಲ್ಲಿ ಹುಡುಕೋದು ಕಷ್ಟ ಅಲ್ವಾ? ನಾನು ಹಾಡು, ವಿಡಿಯೋ ನಡೆಸುವ ವಿಎಲ್‌ಸಿ ಆ್ಯಪ್ ಹಾಕಿಕೊಟ್ಟೆ. ಅದರ ಹಾಡಿನ ಪಟ್ಟಿಯಲ್ಲಿ ಎಲ್ಲವೂ 'ಅನ್‌ನೋನ್ ಆರ್ಟಿಸ್ಟ್' ಅಂತ ಒಂದೇ ಕಡೆ ಗುಡ್ಡೆ ಬಿದ್ದವು, ಯಾಕಂದರೆ ಕ್ಯಾಸೆಟ್ಟಿಂದ ಮಾಡಿದ ಫೈಲಿಗೆ ಹಾಡಿದವರ ಹೆಸರು ಹೇಳುವ ಟ್ಯಾಗ್ ಇರೋದಿಲ್ಲ. ಫೋಲ್ಡರ್ ನೋಡುವ ಕಡೆ ಹೋದರೆ 'ಕ್ಯಾಸೆಟ್ 1', 'ಕ್ಯಾಸೆಟ್ 2' ಅಂತ ಸಾಲಾಗಿ ಸಿಗುತ್ತವೆ. ಅಪ್ಪನಿಗೆ ಅದನ್ನೇ ತೋರಿಸಿಕೊಟ್ಟೆ. ಸ್ಕ್ರೀನ್ ಆರಿದರೂ ಹಾಡು ನಡೆಯುತ್ತಿರುತ್ತದೆ.

ಅವರು ಮೊದಲು ಹಾಕಿದ್ದು ನಾಲ್ಕನೇ ಕ್ಯಾಸೆಟ್. ಸೋಬಾನೆಯ ಕೊನೆಯಲ್ಲಿ ಅಜ್ಜಿ ಕೆಮ್ಮಿ "ಸಾಕು ನಿಲ್ಸೋ, ಕರ ಬಿಡ್ಬೇಕು" ಅನ್ನುತ್ತಾರೆ, ಟಕ್ ಅಂತ ಟೇಪ್ ನಿಲ್ಲುತ್ತದೆ. ಆ ಟಕ್ ಕೂಡ ಹಾಗೇ ಇದೆ. ಅಪ್ಪ ಅಷ್ಟನ್ನೇ ಮೂರು ಸಲ ಹಾಕಿ ಕೇಳಿದರು.

ಲೋಕಲ್‌ಸೆಂಡ್ ಫೋನಿನಿಂದ ಕಂಪ್ಯೂಟರಿಗೂ ಕಳಿಸುತ್ತದೆ. ಈ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಪ್ಪನೇ ಹಾಟ್‌ಸ್ಪಾಟ್ ಆನ್ ಮಾಡಿ, "ನಿನ್ನ ಲ್ಯಾಪ್‌ಟಾಪ್ ತಗಿಯವ್ವ" ಅಂದರು. ಈ ವರ್ಷದ ಸುಗ್ಗಿಯ ಹನ್ನೊಂದು ವಿಡಿಯೋ ಬಂದವು. ಕೊನೆಯದರಲ್ಲಿ ನಲವತ್ತು ಸೆಕೆಂಡು ಬರೀ ನೆಲ, ಅಪ್ಪನ ಕಾಲು, ಹಿಂದೆ ಡೋಲಿನ ಸದ್ದು. ಅದನ್ನೂ 'ಸುಗ್ಗಿ' ಫೋಲ್ಡರಿನಲ್ಲೇ ಇಟ್ಟಿದ್ದೇನೆ.