ಮಾರಾಕ್ಕೆ ಹೋಗಿ ಬಂದ ಬಾಡಿಗೆ ಲೆನ್ಸ್

ಮೊದಲು ಟಾರ್ಚಿನ ವಿಷಯ ಹೇಳುತ್ತೇನೆ. ಮುಂಬೈ ಮಳೆಗಾಲದಲ್ಲಿ ಲೆನ್ಸ್ ಬಾಡಿಗೆಗೆ ತರಲು ಹೋಗುವವರು ಪರ್ಸಿನಲ್ಲಿ ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ನಾನು ಇಟ್ಟುಕೊಂಡಿದ್ದೆ, ಬಚಾವಾದೆ.

ಅಂಗಡಿ ಇರುವುದು ಅಂಧೇರಿಯಲ್ಲಿ, ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ. ಹೆಸರು ಬರೆಯುವುದಿಲ್ಲ, ಯಾಕಂದರೆ ಹೊಗಳುವುದರ ಜೊತೆಗೆ ಬೈಯುವುದೂ ಇದೆ. ಸೀರಿಯಲ್ ಶೂಟಿಂಗಿಗೆ ಕ್ಯಾಮೆರಾ, ಲೈಟು ಕೊಡುವುದು ಅವರ ಮುಖ್ಯ ವ್ಯಾಪಾರ. ಹಕ್ಕಿ, ಪ್ರಾಣಿ ಅಂತ ಬರುವ ನಮ್ಮಂಥವರು ಚಿಲ್ಲರೆ ಗಿರಾಕಿಗಳು. ಲಿಫ್ಟು ಸಾಮಾನಿಗೆ ಮಾತ್ರ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಕೂರಲು ಒಂದು ಸ್ಟೂಲೂ ಇಲ್ಲ.

ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು. ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ 29 ವರ್ಷ ಪಾಠ ಮಾಡಿ ನಿವೃತ್ತಳಾದೆ. ಫಂಡಿನ ದುಡ್ಡು ಬಂದಾಗ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ500 ಕ್ಯಾಮೆರಾ ಕೊಂಡೆ. ಬಳೆ ಮಾಡಿಸಿಕೊಳ್ಳಬಹುದಿತ್ತು ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಅಕ್ಕನ ಮಗ ನೈರೋಬಿಯಲ್ಲಿದ್ದಾನೆ. "ಚಿಕ್ಕಮ್ಮ, ಆಗಸ್ಟ್‌ನಲ್ಲಿ ಬನ್ನಿ, ಮಸಾಯಿ ಮಾರಾ ತೋರಿಸ್ತೇನೆ" ಅಂದ. ಸಿಂಹ, ಆನೆ ಎಲ್ಲ ಇರುವ ಕೀನ್ಯಾದ ವನ್ಯಧಾಮ ಅದು. ಕ್ಯಾಮೆರಾ ಇತ್ತು, ದೂರದ್ದನ್ನು ಹತ್ತಿರ ತೋರಿಸುವ ಉದ್ದದ ಲೆನ್ಸ್ ಇರಲಿಲ್ಲ. ವರ್ಷಕ್ಕೊಮ್ಮೆ ಬೇಕಾಗುವ ಲೆನ್ಸಿಗೆ ಅಷ್ಟು ದುಡ್ಡು ಹಾಕುವುದು ಯಾಕೆ ಅಂತ ಬಾಡಿಗೆಯ ದಾರಿ ಹಿಡಿದೆ.

ನಿಕಾನ್ 200-500 ಮಿಲಿಮೀಟರ್ ಜೂಮ್ ಲೆನ್ಸ್ ಬೇಕು ಅಂದೆ. ಡಿ500ರ ಸೆನ್ಸರ್ ಸಣ್ಣದು, ಹಾಗಾಗಿ 500 ಇದ್ದದ್ದು 750ರ ಹಾಗೆ ಹತ್ತಿರ ತೋರಿಸುತ್ತದೆ. ದೂರದ ಪ್ರಾಣಿಗೆ ಅದು ಒಳ್ಳೆಯದೇ. ಕೌಂಟರಿನ ಹುಡುಗ ಒಂದು ಲೆನ್ಸ್ ತಂದಿಟ್ಟ. ಹೊರಗಿನಿಂದ ಫಳಫಳ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಬೂಷ್ಟು! ಉಪ್ಪಿನಕಾಯಿ ಭರಣಿ ನೋಡಿ ನೋಡಿ ಪಳಗಿದ ಕಣ್ಣು, ತಪ್ಪುತ್ತದೆಯೇ? ಹುಡುಗ ತಾನೂ ನೋಡಿದ. ಮುಖ ಸಣ್ಣ ಮಾಡಿಕೊಂಡು "ಸಾರಿ ಕಾಕು" (ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ) ಅಂತ ಒಳಗೆ ಹೋಗಿ, ಮೇಲೆ 3 ಅಂತ ಬರೆದ ಇನ್ನೊಂದನ್ನು ತಂದ. ಅದು ಸ್ವಚ್ಛವಾಗಿತ್ತು, ಆದರೆ ಮುಂದೆ ಬಿಸಿಲು ತಡೆಯುವ ಹುಡ್ ಸಡಿಲ, ತಿರುಗಿಸಿದರೆ ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ತೇವ ಹೀರುವ ಪೆಟ್ಟಿಗೆ ಇದೆ, ಅದರಲ್ಲಿ ಜಾಗ ಸಿಗುವುದು ಸಿನಿಮಾ ಲೆನ್ಸುಗಳಿಗೆ. ಇದು ಮೊದಲ ಬೈಗುಳ.

ದಿನಕ್ಕೆ 900 ರೂಪಾಯಿ. ಹತ್ತು ದಿನಕ್ಕೆ 9,000. ಆಧಾರ್, ಪ್ಯಾನ್, ಲೈಟ್ ಬಿಲ್, ಜೊತೆಗೆ 40,000ದ ಚೆಕ್. ಜಾಸ್ತಿ ಅನಿಸಿತು. ಆದರೆ ಮಾರಾದಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ಹೊರಗಿನವರಿಗೆ ಗೇಟಿನ ಶುಲ್ಕವೇ ದಿನಕ್ಕೆ 200 ಡಾಲರ್. ಅಷ್ಟು ಕೊಟ್ಟು ಒಳಗೆ ಹೋಗಿ ಮೊಬೈಲಿನಲ್ಲಿ ಸಿಂಹದ ಚುಕ್ಕೆ ತೆಗೆದುಕೊಂಡು ಬರುವುದಾ? ಸುಮ್ನೆ ಸಹಿ ಹಾಕಿದೆ. ಸುಮ್ನೆ ಹಾಕಬಾರದಿತ್ತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದಾಗ ಗೊತ್ತಾಯಿತು, ಅವರ ವಿಮೆ ಭಾರತದ ಒಳಗೆ ಮಾತ್ರ. ಕೀನ್ಯಾಕ್ಕೆ ಒಯ್ಯುತ್ತೇನೆ ಅಂತ ಬಾಯಿಬಿಟ್ಟು ಹೇಳಿದ್ದೆ, ಆಗಲೇ ಹೇಳಬೇಕಿತ್ತು ಅಲ್ವಾ? ಎರಡನೇ ಬೈಗುಳ.

ಹೊಗಳಬೇಕಾದ್ದೂ ಆ ಹುಡುಗನದೇ. ನಾನು ಕೇಳದೆಯೇ ಲೆನ್ಸಿನ ಸೀರಿಯಲ್ ನಂಬರ್ ಹಾಕಿ, ಇದು ನಮ್ಮದು, ಬಾಡಿಗೆಗೆ ಕೊಟ್ಟಿದ್ದೇವೆ ಅಂತ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಟ್ಟ. ಹೋಗುವಾಗ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಅದನ್ನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡೆ. ಇಲ್ಲದಿದ್ದರೆ ವಾಪಸ್ ಬರುವಾಗ ಅಲ್ಲೇ ಕೊಂಡದ್ದು ಅಂತ ಸುಂಕ ಕೇಳಬಹುದು. "ಹಳದಿ ಜ್ವರದ ಲಸಿಕೆ ಆಯ್ತಾ ಕಾಕು? ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು" ಅಂತಲೂ ಕೇಳಿದ. ಕಾಳು ತುಂಬಿಸಿ ಲೆನ್ಸ್ ಆನಿಸಿ ಇಡುವ ಒಂದು ಖಾಲಿ ಬೀನ್ ಬ್ಯಾಗ್ ಪುಕ್ಕಟೆ ಕೊಟ್ಟ. ಇನ್ನೊಂದು ಮಾತು ಹೇಳಿದ: ಹೋಗುವ ತನಕ ದಿನಾ ಟೆರೇಸಿನಿಂದ ಹದ್ದಿನ ಫೋಟೊ ಹೊಡೆಯಿರಿ.

ಹೊಡೆದೆ. ಲೆನ್ಸ್ 2.3 ಕಿಲೋ. ಕ್ಯಾಮೆರಾ ಸೇರಿದರೆ 3 ಕಿಲೋ ದಾಟುತ್ತದೆ. ಮೊದಲ ದಿನ ಐದು ನಿಮಿಷಕ್ಕೆ ಕೈ ನಡುಗಿತು. ಮೂರನೇ ದಿನ ಎಡ ಮೊಣಕೈಯನ್ನು ಹೊಟ್ಟೆಗೆ ಒತ್ತಿ ಹಿಡಿಯುವುದು ಬಂತು. ಎದುರು ಬಿಲ್ಡಿಂಗಿನವರು ಮಾತ್ರ ಕಿಟಕಿಗೆ ಪರದೆ ಎಳೆದುಕೊಂಡರು.

ಮಳೆಗೆ ಅಂತ ಲೆನ್ಸನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೆ. ಅಕ್ಕನ ಮಗ ಫೋನಿನಲ್ಲಿ ಬೈದ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲ ಬಂದ್. ಹಳೆಯ ಕಾಟನ್ ಸೀರೆ ಹರಿದು ಸುತ್ತಿದೆ. ನೈರೋಬಿಯಿಂದ ಮಾರಾಕ್ಕೆ ಹೋಗುವ ದಾರಿಯಲ್ಲಿ ನಾರೋಕ್ ಊರಿನ ಒಂದು ಅಂಗಡಿಯಲ್ಲಿ ಕೆಂಪು ಬೀನ್ಸ್ ಕಾಳು ಕೊಂಡು ಬ್ಯಾಗಿಗೆ ತುಂಬಿಸಿದೆವು. ಸ್ವಾಹಿಲಿಯಲ್ಲಿ ಅಂಗಡಿಗೆ ದುಕಾ ಅನ್ನುತ್ತಾರೆ, ಗಾಡಿಗೆ ಗಾರಿ, ಚಹಾಕ್ಕೆ ಚಾಯ್. ಅರ್ಧ ಮುಂಬೈಯೇ.

ಈ ಕಾಳಿನ ಚೀಲ ಇಲ್ಲದಿದ್ದರೆ ನನ್ನ ಪ್ರವಾಸವೇ ಇಲ್ಲ. ಗಾಡಿಯ ಮೇಲ್ಛಾವಣಿ ಎತ್ತಿ, ಅಂಚಿಗೆ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಮಲಗಿಸುವುದು. ತೊಟ್ಟಿಲಲ್ಲಿ ಮಗು ಇದ್ದ ಹಾಗೆ. ಡ್ರೈವರಿಗೆ ಎಂಜಿನ್ ಆಫ್ ಮಾಡಲು ಹೇಳಬೇಕು, ಇಲ್ಲದಿದ್ದರೆ ಗಾಡಿಯ ನಡುಕ ಎಲ್ಲ ಚಿತ್ರದಲ್ಲಿ ಇರುತ್ತದೆ. ಮತ್ತೆ ಅಲ್ಲಿ ಲೆನ್ಸ್ ಬಿಚ್ಚಿ ಬದಲಿಸುವ ಕೆಲಸ ಬೇಡ. ಧೂಳು ಹಿಟ್ಟಿನ ಹಾಗೆ ಹಾರುತ್ತದೆ.

ಮೊದಲ ದಿನ ಹನ್ನೊಂದು ಗಂಟೆಗೆ ದೂರದಲ್ಲಿ ಸಿಂಹಗಳು ಸಿಕ್ಕವು. ಮುನ್ನೂರು ಮೀಟರ್ ಇರಬಹುದು. ನೂರೈವತ್ತು ಚಿತ್ರ ತೆಗೆದೆ. ರಾತ್ರಿ ಕ್ಯಾಂಪಿನಲ್ಲಿ ನೋಡಿದರೆ ಒಂದೂ ನೆಟ್ಟಗಿಲ್ಲ. ಸಿಂಹದ ಮುಖ ನೀರಿನಲ್ಲಿ ಕಲಸಿದ ಹಾಗೆ. ಸಿಟ್ಟು ನೆತ್ತಿಗೇರಿತು. ಬೂಷ್ಟು ಹಿಡಿದದ್ದರ ಬದಲಿಗೆ ಕೆಟ್ಟದ್ದು ಕೊಟ್ಟಿದ್ದೀರಿ, ದುಡ್ಡು ವಾಪಸ್ ಕೊಡಿ ಅಂತ ಅಂಗಡಿಗೆ ಉದ್ದದ ವಾಟ್ಸ್ಯಾಪ್ ಹಾಕಿದೆ. ಮುಂಬೈಯಲ್ಲಿ ಆಗ ನಡುರಾತ್ರಿ, ಅಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ ಉತ್ತರ ಬಂದಿತ್ತು: "ಕಾಕು, ಎಷ್ಟು ಗಂಟೆಗೆ ತೆಗೆದಿರಿ? ಎಷ್ಟು ದೂರ? ಅದು ಲೆನ್ಸ್ ಅಲ್ಲ, ಬಿಸಿ ಗಾಳಿ. ಒಂಬತ್ತರ ಮೊದಲು ಹೊಡೆಯಿರಿ, ಹತ್ತಿರದ್ದು ಹೊಡೆಯಿರಿ."

ಕಾದ ನೆಲದಿಂದ ಏಳುವ ಗಾಳಿ ಕುಲುಕುತ್ತಿರುತ್ತದೆ. ಲೆನ್ಸ್ ಉದ್ದವಾದಷ್ಟೂ ಆ ಕುಲುಕಾಟವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಬಿಸಿಲ್ಗುದುರೆ. ಐದನೇ ತರಗತಿಗೆ ಈ ಪದದ ಅರ್ಥವನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ! ಕಣ್ಣೆದುರು ನಿಂತಾಗ ಗುರುತು ಹತ್ತಲಿಲ್ಲ.

ಮರುದಿನ ಕತ್ತಲಲ್ಲೇ ಹೊರಟೆವು. ಸ್ವೆಟರ್ ಹಾಕಿದರೂ ಚಳಿ. ಏಳು ಗಂಟೆಯ ಹೊತ್ತಿಗೆ ಹುತ್ತದ ಮೇಲೆ ಒಂದು ಸಿವಂಗಿ. ಚೀತಾ ಅಂದರೆ ಚಿರತೆ ಅಂದುಕೊಳ್ಳುವವರಿದ್ದಾರೆ, ಹಾಗಾಗಿ ಈ ಹಳೆಯ ಹೆಸರೇ ನನಗೆ ಇಷ್ಟ. ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ, ಚಿರತೆಗೆ ಅದಿಲ್ಲ. ಒಂದು ಪ್ರಾಣಿಯ ಹತ್ತಿರ ಐದೇ ಗಾಡಿ ಅಂತ ಅಲ್ಲಿ ನಿಯಮ. ನಮ್ಮ ಡ್ರೈವರ್ ದೂರ ನಿಂತು ಸರದಿ ಕಾದ. ಕೆಲವರು ಕಾಯಲಿಲ್ಲ, ಅದು ಬೇರೆ ಮಾತು. ನಮ್ಮ ಸರದಿ ಬಂದಾಗ ಬೆಳಕು ಇನ್ನೂ ಹಳದಿಯಾಗಿತ್ತು. ಫೋಕಸ್ ಚುಕ್ಕಿಯನ್ನು ಕಣ್ಣಿನ ಮೇಲೆ ಇಟ್ಟೆ. ಲೆನ್ಸಿನ ಕಿಂಡಿ ಪೂರ್ತಿ ತೆರೆದು ಎಫ್ 5.6, ಷಟರ್ ಸೆಕೆಂಡಿನ 1600ರಲ್ಲೊಂದು ಪಾಲು, ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್‌ಒ 800. ಅದು ತಲೆ ತಿರುಗಿಸಿ ಆಕಳಿಸಿತು. ಡಿ500 ಸೆಕೆಂಡಿಗೆ ಹತ್ತು ಚಿತ್ರ ಹೊಡೆಯುತ್ತದೆ. ಆಕಳಿಕೆ ಮುಗಿಯುವುದರೊಳಗೆ ಮೂವತ್ತು. ಒಂದೊಂದು ಮೀಸೆಯ ಕೂದಲೂ ಬಂದಿದೆ.

ಲೆನ್ಸ್ ಕೈಕೊಟ್ಟದ್ದು ಆನೆಗಳ ಹತ್ತಿರ. ಗಾಡಿಯ ಪಕ್ಕದಲ್ಲೇ ಹಾದುಹೋದವು. 200ಕ್ಕೆ ಇಳಿಸಿದರೂ ಬರೀ ಕಿವಿ, ಬರೀ ಸುಕ್ಕು. ಇದು ಲೆನ್ಸಿನ ತಪ್ಪಲ್ಲ, ಇನ್ನೊಂದು ಸಣ್ಣ ಕ್ಯಾಮೆರಾ ತರದ ನನ್ನ ತಪ್ಪು. ನದಿ ದಾಟುವ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡಿಗಾಗಿ ಮಾರಾ ನದಿಯ ದಡದಲ್ಲಿ ಮೂರು ಗಂಟೆ ಕಾದೆವು. ನೀರಿನ ತನಕ ಬಂದು, ಮೂಸಿ, ಎಲ್ಲ ತಿರುಗಿ ಹೋದವು. ಮೊಸಳೆಗಳೂ ನಮ್ಮ ಹಾಗೆ ಕಾದು ಕೂತಿದ್ದವು. ನಮ್ಮ ನೀಲಕಂಠ ಹಕ್ಕಿಯ ಆಫ್ರಿಕದ ದಾಯಾದಿ, ಎದೆ ನೇರಳೆ ಬಣ್ಣದ್ದು, ಪೊದೆಯ ತುದಿಯಲ್ಲಿ ಕೂತು ಚೆನ್ನಾಗಿ ಸಿಕ್ಕಿತು. ಕೊನೆಯ ದಿನ ಬೀನ್ಸ್ ಕಾಳನ್ನು ಕ್ಯಾಂಪಿನ ಅಡುಗೆಯವನಿಗೆ ಕೊಟ್ಟುಬಂದೆ. ಜೋಳದ ಜೊತೆ ಬೇಯಿಸುತ್ತಾರಂತೆ.

ವಿಮಾನ ತಡವಾಯಿತು. ಲೆನ್ಸನ್ನು ಬೆಳಿಗ್ಗೆ 11ರ ಒಳಗೆ ಕೊಡಬೇಕಿತ್ತು, ಘಾಟ್ಕೋಪರಿನಿಂದ ಮೆಟ್ರೊ ಹಿಡಿದು ಮುಟ್ಟುವಾಗ 12 ಕಾಲು. ಒಂದು ದಿನದ 900 ಹೆಚ್ಚಿಗೆ ತೆಗೆದುಕೊಂಡರು. ಮಾಲೀಕರು ಒಂದು ರೂಪಾಯಿಯೂ ಬಿಡಲಿಲ್ಲ. ಮೂರನೇ ಬೈಗುಳ, ಮತ್ತು ಜೋರಿನದು.

ಹುಡುಗ ಲೆನ್ಸಿನ ರಿಂಗಿನ ಸಂದಿಯಲ್ಲಿದ್ದ ಧೂಳನ್ನು ಬ್ಲೋವರಿನಿಂದ ಊದಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದ. ಈಗ ಅವನೂ ನೋಡುತ್ತಾನೆ. ಚೆಕ್ ವಾಪಸ್ ಕೊಟ್ಟ. ನಾನು ಕಳಿಸಿದ ಸಿಟ್ಟಿನ ಮೆಸೇಜಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಸಿವಂಗಿಯ ಚಿತ್ರ ತೋರಿಸಿದೆ. ಐದರಲ್ಲಿ ಮೂರು ಸ್ಟಾರ್ ಅಂಗಡಿಗೆ, ಹುಡುಗನಿಗೆ ಐದು. ಜನವರಿಯಲ್ಲಿ ನವಿ ಮುಂಬೈಯ ಐರೋಲಿಯಲ್ಲಿ ಫ್ಲೆಮಿಂಗೊ ನೋಡಲು ಎರಡು ದಿನಕ್ಕೆ ಅದೇ ಮೂರನೇ ನಂಬರಿನ ಲೆನ್ಸ್ ಬರೆಸಿ ಬಂದಿದ್ದೇನೆ. ಹುಡ್ ಸರಿ ಮಾಡಿಸಿ ಇಡಲು ಹೇಳಿದ್ದೇನೆ.