ಹೋಮ್ಸ್ ಮಾದರಿಯ ಮರದ ಸ್ಟೀರಿಯೊಸ್ಕೋಪ್: ಲೆನ್ಸು ಸರಿ, ಬಣ್ಣ ಕೈಕೊಟ್ಟಿದೆ

ಒಂದೇ ದೃಶ್ಯದ ಎರಡು ಚಿತ್ರಗಳನ್ನು ಎಡಗಣ್ಣಿಗೊಂದು, ಬಲಗಣ್ಣಿಗೊಂದು ತೋರಿಸಿ ಆಳ ಕಾಣಿಸುವ ಉಪಕರಣ ಸ್ಟೀರಿಯೊಸ್ಕೋಪ್. ಅಮೆರಿಕದ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1861ರ ಸುಮಾರಿಗೆ ರೂಪಿಸಿದ ಕೈಹಿಡಿಯ ಸ್ಟೀರಿಯೊಸ್ಕೋಪಿಗೆ ಅವರು ಪೇಟೆಂಟ್ ಮಾಡಿಸಲಿಲ್ಲ. ಹಾಗಾಗಿ ಯಾರು ಬೇಕಾದರೂ ಮಾಡಿ ಮಾರಿದರು, ಈಗಲೂ ಮಾರುತ್ತಾರೆ; ಅಂದಕ್ಕೆ ಇಡುವ ಆಟಿಕೆಗಳೇ ಹೆಚ್ಚು. ನಾನಿಲ್ಲಿ ಪರಿಶೀಲಿಸುತ್ತಿರುವ ಸೆಟ್ಟಿನ ಉಪಕರಣ ಆಟಿಕೆಯಲ್ಲ. ಜೊತೆಗೆ ಕೊಡುವ ಕೈಬಣ್ಣದ ಕಾರ್ಡುಗಳ ಮಾತು ಬೇರೆ.

ಮೊದಲು ಲೆನ್ಸು. ಕಾರ್ಡಿನ ಅಳತೆ 7 × 3.5 ಇಂಚು. ಎಡ, ಬಲ ಚಿತ್ರಗಳ ನಡುಬಿಂದುಗಳ ಅಂತರ ಸುಮಾರು 75 ಮಿ.ಮೀ.; ಕಣ್ಣುಪಾಪೆಗಳ ಅಂತರವೋ 63ರ ಆಸುಪಾಸು. ಬರೀ ಭೂತಗನ್ನಡಿ ಕೂಡಿಸಿದರೆ ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ನಮ್ಮಿಂದಾಗದ ಕೆಲಸ. ಅದಕ್ಕೇ, ಬೆಳಕನ್ನು ಬಾಗಿಸಿ ಎರಡೂ ಚಿತ್ರಗಳನ್ನು ಒಂದೆಡೆ ತರಲು, ಇಲ್ಲಿನ ಲೆನ್ಸಿಗೆ ಒಂದಂಚು ದಪ್ಪ, ಇನ್ನೊಂದು ತೆಳು. ದಪ್ಪಂಚು ಕಿವಿಯ ಕಡೆಗಿರಬೇಕು. ಅಗ್ಗದ ನಕಲುಗಳಲ್ಲಿ ಇದು ತಿರುಗಾಮುರುಗಾ ಕೂತು ಚಿತ್ರ ಕೂಡುವುದೇ ಇಲ್ಲ, ತಲೆನೋವಷ್ಟೇ ಲಾಭ. ಇದರಲ್ಲಿ ಗಾಜಿನ ಲೆನ್ಸು, ಸರಿಯಾಗಿಯೇ ಕೂತಿದೆ. ಪರೀಕ್ಷಿಸಬೇಕೆಂದರೆ ಕಾಗದದ ಮೇಲೆ ಒಂದೇ ಎತ್ತರದಲ್ಲಿ, 75 ಮಿ.ಮೀ. ಅಂತರಕ್ಕೆ ಎರಡು ಚುಕ್ಕೆ ಇಟ್ಟು ಕಾರ್ಡಿನ ಜಾಗದಲ್ಲಿ ಸಿಕ್ಕಿಸಿ. ಸಲೀಸಾಗಿ ಒಂದಾಗಬೇಕು. ಒಂದು ಮೇಲೆ, ಒಂದು ಕೆಳಗೆ ಕಂಡರೆ ಲೆನ್ಸು ಕೂರಿಸುವುದರಲ್ಲೇ ತಪ್ಪಾಗಿದೆ, ವಾಪಸು ಕಳಿಸಿ.

ಕಾರ್ಡು ಹಿಡಿಯುವ ಅಡ್ಡಪಟ್ಟಿ ಕೋಲಿನ ಮೇಲೆ ತುಸು ಬಿಗಿಯಾಗಿ ಜಾರುತ್ತದೆ. ಒಣ ಮೇಣ ಉಜ್ಜಿದರೆ ಸಾಕು. ಎಣ್ಣೆ ಬೇಡ, ಕಾರ್ಡಿಗೆ ಕಲೆ ಹತ್ತುತ್ತದೆ. ಕನ್ನಡಕ ಹಾಕಿಕೊಂಡು ನೋಡಲು ಮುಖದ ಮರೆ ಬಿಡುವುದಿಲ್ಲ. ಸಮೀಪದೃಷ್ಟಿಯವರು ಕನ್ನಡಕ ತೆಗೆದು ಪಟ್ಟಿಯನ್ನು ಹತ್ತಿರ ಎಳೆದುಕೊಳ್ಳಬಹುದು.

ಇನ್ನು ಕಾರ್ಡುಗಳು. ಸ್ಟೀರಿಯೊ ಚಿತ್ರಕ್ಕೆ ಬಣ್ಣ ಹಚ್ಚುವುದು ಒಂಟಿ ಫೋಟೋಗೆ ಹಚ್ಚಿದಂತಲ್ಲ: ಒಂದೇ ಬಣ್ಣ, ಒಂದೇ ತೆಳುವು, ಒಂದೇ ಅಂಚು ಎರಡೂ ಚಿತ್ರಗಳಲ್ಲಿ ಬರಬೇಕು. ಇಲ್ಲಿ ಹಾಗಾಗಿಲ್ಲ. ಹೆಂಗಸೊಬ್ಬಳ ಕೆಂಪು ಶಾಲನ್ನೇ ನೋಡಿ. ಎಡಚಿತ್ರದಲ್ಲಿ ಬಣ್ಣ ಬಟ್ಟೆಯ ಗೆರೆ ದಾಟಿ ಕೂದಲೆಳೆಯಷ್ಟು ಬಲಕ್ಕೆ ಸರಿದಿದೆ, ಬಲಚಿತ್ರದಲ್ಲಿ ಗೆರೆಯೊಳಗೇ ಇದೆ. ಬರಿಗಣ್ಣಿಗೆ ಇದು ತಪ್ಪೇ ಅಲ್ಲ. ಸ್ಟೀರಿಯೊಸ್ಕೋಪಿನಲ್ಲಿ ಮಾತ್ರ ಕೆಂಪು ಬಣ್ಣ ಶಾಲನ್ನು ಬಿಟ್ಟು ಮುಂದೆ ಬಂದು ಗಾಳಿಯಲ್ಲಿ ನಿಲ್ಲುತ್ತದೆ. ಎಡಕ್ಕೆ ಸರಿದಿದ್ದರೆ ಬಟ್ಟೆಯ ಹಿಂದೆ ಇಳಿಯುತ್ತಿತ್ತು. ಆಕಾಶದ ನೀಲಿಯೂ ಒಂದು ಕಡೆ ಗಾಢ, ಇನ್ನೊಂದು ಕಡೆ ಪೇಲವ. ಎರಡೂ ಕಣ್ಣು ಜಗಳಕ್ಕೆ ಬಿದ್ದು ಇಡೀ ಆಕಾಶ ಮಿಣುಗುಟ್ಟುತ್ತದೆ. ಎಡದ ಶಾಲು, ಕೂಡಲೇ ಬಲದ ಶಾಲು ಎಂದು ಜೋಡಿಯಾಗಿ, ಕುಂಚದ ಅದೇ ಬಣ್ಣ ಮುಗಿಯುವ ಮೊದಲೇ ಹಚ್ಚಿದ್ದರೆ ಇಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಒಂದು ಚಿತ್ರ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದ ಹಾಗಿದೆ.

ಅಲ್ಲಲ್ಲಿ ಬಣ್ಣ ಹನಿಗಟ್ಟಿ ಒಣಗಿದ ಗುರುತೂ ಇದೆ. ಮೊಟ್ಟೆಯ ಬಿಳಿ ಬಳಿದ ಆಲ್ಬುಮಿನ್ ಕಾಗದಕ್ಕೆ ಜಲವರ್ಣ ಅಂಟದೆ ಜಾರುತ್ತದೆಂದು ಹಿಂದಿನವರು ಬಣ್ಣಕ್ಕೆ ಎತ್ತಿನ ಪಿತ್ತ ಬೆರೆಸುತ್ತಿದ್ದರು. ಇಂದಿನ ಹೊಳಪು ಕಾಗದಕ್ಕೂ ಅಂಥದ್ದೊಂದು ಉಪಾಯ ಬೇಕಿತ್ತು.

ಸೆಟ್ಟಿನಲ್ಲಿ ಫ್ರೆಂಚ್ ಟಿಶ್ಯೂ ಮಾದರಿಯ ಕಾರ್ಡೂ ಇದೆ. ಅಸಲಿಯಲ್ಲಿ ತೆಳು ಕಾಗದದ ಪ್ರಿಂಟಿಗೆ ಬಣ್ಣ ಹಚ್ಚುತ್ತಿದ್ದುದು ಹಿಂಬದಿಗೆ: ಮುಂದಿನಿಂದ ಬೆಳಕು ಬಿದ್ದರೆ ಕಪ್ಪು-ಬಿಳುಪು, ಹಿಂದಿನಿಂದ ಬಿದ್ದರೆ ಬಣ್ಣ. ದೀಪ, ಒಡವೆ ಇರುವಲ್ಲಿ ಸೂಜಿಮೊನೆಯ ತೂತು ಬೇರೆ. ಈ ಪ್ರತಿಯಲ್ಲಿ ಬಣ್ಣವನ್ನು ಮುಂಬದಿಗೇ ಬಳಿದಿದ್ದಾರೆ, ಇಡೀ ಚಮತ್ಕಾರವೇ ಹೋಯಿತು. ಸೂಜಿತೂತುಗಳನ್ನು ಮಾತ್ರ ಎಡ, ಬಲ ಎರಡೂ ಚಿತ್ರಗಳಲ್ಲಿ ಲೆಕ್ಕವಾಗಿ ಚುಚ್ಚಿದ್ದಾರೆ; ಕಿಟಕಿಯತ್ತ ಹಿಡಿದರೆ ದೀಪಗಳು ಚೆನ್ನಾಗಿಯೇ ಹೊಳೆಯುತ್ತವೆ.

ಸ್ಟೀರಿಯೊಸ್ಕೋಪ್ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಿ. ಹಳೆಯ ಕಾರ್ಡುಗಳಿದ್ದವರು ಕಾರ್ಡು ಹಿಡಿಯುವ ತಂತಿಯನ್ನು ತುಸು ಅಗಲಿಸಿಕೊಳ್ಳಬೇಕು, ಬಾಗಿದ ದಪ್ಪ ರಟ್ಟಿಗೆ ಈಗಿರುವ ಸಂದು ಸಾಲದು, ಮೂಲೆ ಸುಲಿಯುತ್ತದೆ.